ಸೈಟಿನ ಫೈಲಷ್ಟೇ ಸಾಲದು: ಬೆಂಗಳೂರಿನಲ್ಲಿ ಆಸ್ತಿ ದಾಖಲೆ ನೀವೇ ತೆಗೆಸಿ ನೋಡುವುದು ಹೇಗೆ

ಬೆಂಗಳೂರಿನಲ್ಲಿ ಸೈಟು ತೋರಿಸುವವರು ಜೊತೆಗೆ ಒಂದು ಫೈಲನ್ನೂ ಕೊಡುತ್ತಾರೆ. ಕ್ರಯಪತ್ರದ ಜೆರಾಕ್ಸು, ಖಾತಾ, ಕಂದಾಯ ಕಟ್ಟಿದ ರಸೀದಿ, ಇಸಿ (ಜಾಗದ ಮೇಲೆ ನೋಂದಣಿ ಆದ ಕ್ರಯ, ಸಾಲದ ಪಟ್ಟಿ ಕೊಡುವ ಋಣಭಾರ ಪ್ರಮಾಣಪತ್ರ) ಎಲ್ಲ ಅದರಲ್ಲಿ ಇರುತ್ತವೆ. ತಿರುವಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಆ ಫೈಲಿನಲ್ಲಿ ಯಾವ ಕಾಗದ ಇರಬೇಕು, ಯಾವುದು ಇರಬಾರದು ಎಂದು ತೀರ್ಮಾನಿಸಿದವರು ಮಾರುವವರು, ಅಲ್ವಾ? ಅದನ್ನು ಓದಿದರೆ ದಾಖಲೆ ಹುಡುಕಿದ ಹಾಗಾಗುವುದಿಲ್ಲ. ಅದೇ ಕಾಗದಗಳನ್ನು ಸರ್ಕಾರದ ಕಡೆಯಿಂದ ನೀವೇ ತೆಗೆಸಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಇದಕ್ಕೆ ಮಾಲೀಕರ ಒಪ್ಪಿಗೆ ಬೇಕಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಈ ಹಕ್ಕನ್ನು ಕೊಟ್ಟಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ಅದರಲ್ಲಿರುವ ಪತ್ರದ ನಕಲನ್ನೂ ಪಡೆಯಬಹುದು. ಮನೆ, ಜಮೀನಿನ ಕ್ರಯ, ಅಡಮಾನ, ದಾನ, ವಿಭಾಗ ಇವೆಲ್ಲ ಆ ಪುಸ್ತಕಕ್ಕೇ ಹೋಗುತ್ತವೆ. ಜಮೀನು ಯಾರ ಹೆಸರಲ್ಲಿದೆ, ಎಷ್ಟಿದೆ ಎಂದು ಹೇಳುವ ಕಂದಾಯ ದಾಖಲೆಯಾದ ಪಹಣಿಯಂತೂ ಫೋನಿನಲ್ಲೇ ಸಿಗುತ್ತದೆ. ಕೊನೆಗೆ ವಕೀಲರಿಗೆ ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಕೀಲರು ಅಭಿಪ್ರಾಯ ಬರೆಯುವುದು ಅವರ ಮುಂದೆ ಇಟ್ಟ ಕಾಗದದ ಮೇಲೆ. ಮಾರುವವರ ಫೈಲನ್ನೇ ಅವರ ಮುಂದಿಟ್ಟರೆ ಅಭಿಪ್ರಾಯವೂ ಆ ಫೈಲಿನಷ್ಟೇ ಗಟ್ಟಿ.

ಮೊದಲು ಜಾಗದ ನಂಬರುಗಳನ್ನೆಲ್ಲ ಒಂದು ಕಡೆ ಬರೆದುಕೊಳ್ಳಿ

ಹುಡುಕಾಟ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ.

ಬೆಂಗಳೂರಿನಲ್ಲಿ ಒಂದೇ ಜಾಗಕ್ಕೆ ನಾಲ್ಕೈದು ಗುರುತುಗಳಿರುತ್ತವೆ. ಊರು ಬೆಳೆದ ರೀತಿಯೇ ಹಾಗೆ. ಬೇಗೂರು, ವರ್ತೂರು, ಜಕ್ಕೂರಿನ ಕಡೆ ಇವತ್ತು ಸೈಟು ಆಗಿರುವ ಜಾಗ ಒಂದು ಕಾಲಕ್ಕೆ ಹೊಲವೋ ತೋಟವೋ ಆಗಿತ್ತು. ಆಗ ಅದಕ್ಕೆ ಇದ್ದದ್ದು ಸರ್ವೆ ನಂಬರ್ ಮಾತ್ರ. ಲೇಔಟ್ ಆದ ಮೇಲೆ ಸೈಟ್ ನಂಬರ್ ಬಂತು. ಗ್ರಾಮ ಪಂಚಾಯಿತಿಯೋ ನಗರಸಭೆಯೋ ತನ್ನದೊಂದು ಖಾತಾ ನಂಬರ್ ಕೊಟ್ಟಿತು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಖಾತಾ ಪುಸ್ತಕ ಮತ್ತೆ ಬದಲಾಯಿತು. ಆಮೇಲೆ ಪಾಲಿಕೆಯ ಆಸ್ತಿ ಗುರುತಿನ ಸಂಖ್ಯೆ, ಅಂದರೆ ಪಿಐಡಿ ಬಂತು. ಈಗ ಆನ್‌ಲೈನ್ ಖಾತಾ ಆದ ಇ-ಖಾತಾದ ಜೊತೆ ಅದರದೇ ಹೊಸ ಸಂಖ್ಯೆ ಇಪಿಐಡಿ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು.

ಪತ್ರ ಯಾವ ಕಾಲದಲ್ಲಿ ನೋಂದಣಿ ಆಯಿತೋ ಆ ಕಾಲದ ಗುರುತೇ ನೋಂದಣಿ ಕಚೇರಿಯ ಲೆಕ್ಕದಲ್ಲಿ ಉಳಿದಿರುತ್ತದೆ. 2006ರ ಅಡಮಾನ ಸರ್ವೆ ನಂಬರಿನ ಹೆಸರಲ್ಲಿ ಇರಬಹುದು. 2012ರ ಕ್ರಯ ಸೈಟ್ ನಂಬರಿನ ಹೆಸರಲ್ಲಿ ಇರಬಹುದು. ನೀವು ಇವತ್ತಿನ ಇಪಿಐಡಿ ಒಂದನ್ನೇ ಹಾಕಿ ಹುಡುಕಿದರೆ ಹಳೆಯದು ಬರುವುದೇ ಇಲ್ಲ. ಪರದೆಯ ಮೇಲೆ ಏನೂ ಬರಲಿಲ್ಲ ಎಂದ ಮಾತ್ರಕ್ಕೆ ಜಾಗದ ಮೇಲೆ ಋಣ ಇಲ್ಲ ಎಂದು ಅರ್ಥವಲ್ಲ.

ಈ ನಂಬರುಗಳು ಸಿಗುವುದು ಕ್ರಯಪತ್ರದ ಕೊನೆಯ ಪುಟಗಳಲ್ಲಿ, ಷೆಡ್ಯೂಲ್ ಅನ್ನುವ ಭಾಗದಲ್ಲಿ. ಒಂದು ಹಾಳೆ ತೆಗೆದುಕೊಂಡು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಬರೆಯುತ್ತಾ ಬನ್ನಿ. ಬೆಂಗಳೂರು ನಗರ ಜಿಲ್ಲೆಯಲ್ಲಿ ಉತ್ತರ, ದಕ್ಷಿಣ, ಪೂರ್ವ, ಯಲಹಂಕ, ಆನೇಕಲ್ ಎಂದು ಐದು ತಾಲ್ಲೂಕುಗಳಿವೆ. ವರ್ತೂರು ಹೋಬಳಿ ಪೂರ್ವ ತಾಲ್ಲೂಕಿಗೆ ಸೇರುತ್ತದೆ, ಬೇಗೂರು ಹೋಬಳಿ ದಕ್ಷಿಣಕ್ಕೆ, ಜಿಗಣಿ ಆನೇಕಲ್ಲಿಗೆ. ಬಡಾವಣೆಯ ಹೆಸರು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಕಂದಾಯ ಗ್ರಾಮದ ಹೆಸರೇ ಬೇಕು. ಆಮೇಲೆ ಸರ್ವೆ ನಂಬರ್, ಅದರೊಳಗಿನ ಭಾಗದ ಹಿಸ್ಸಾ ನಂಬರ್. "ಹಳೇ ಸರ್ವೆ ನಂ., ಹೊಸ ಸರ್ವೆ ನಂ." ಎಂದು ಎರಡಿದ್ದರೆ ಎರಡನ್ನೂ ಬರೆಯಿರಿ. ಪೋಡಿ ಆಗಿ ಜಮೀನು ಭಾಗವಾದಾಗ ನಂಬರು ಬದಲಾಗುತ್ತದೆ. ನಂತರ ಸೈಟ್ ನಂಬರ್, ಪಂಚಾಯಿತಿ ಖಾತಾ ನಂಬರ್, ಪಾಲಿಕೆ ಖಾತಾ, ಪಿಐಡಿ, ಇಪಿಐಡಿ. ಕೊನೆಗೆ ಚೆಕ್ಕುಬಂದಿ: ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು, ಉತ್ತರ ದಕ್ಷಿಣಕ್ಕೆ ಏನಿದೆ. ನಂಬರು ಕೈಕೊಟ್ಟಾಗ ದಾರಿ ತೋರಿಸುವುದು ಈ ಚೆಕ್ಕುಬಂದಿಯೇ.

ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ, ಅಥವಾ ಹೇಳಿದ್ದು ನಿಜವೇ ಎಂದು ನೋಡಬೇಕಿದ್ದರೆ, ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮಧ್ಯೆ ನಿಂತು ತೆರೆಯಿರಿ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಮಾಡಿದ ಆ್ಯಪ್ ಇದು. ನೀವು ನಿಂತ ಜಾಗ ಯಾವ ಗ್ರಾಮದ ಯಾವ ಸರ್ವೆ ನಂಬರಿನೊಳಗೆ ಬರುತ್ತದೆ ಎಂದು ನಕ್ಷೆಯ ಮೇಲೆ ತೋರಿಸುತ್ತದೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗಬಹುದು. ಗಡಿಯ ಹತ್ತಿರ ಇದ್ದರೆ ಅದೊಂದನ್ನೇ ನಂಬಬೇಡಿ. ಆದರೆ ಪತ್ರದಲ್ಲಿ ಒಂದು ಸರ್ವೆ ನಂಬರ್, ದಿಶಾಂಕ್‌ನಲ್ಲಿ ಅರ್ಧ ಕಿಲೋಮೀಟರ್ ದೂರದ ಇನ್ನೊಂದು ಬಂದರೆ ಅಲ್ಲೇ ನಿಲ್ಲಿ. ಮಾರುವವರನ್ನು ಕೇಳಿ.

ಪಹಣಿ: ಮಣ್ಣಿನ ಹಿನ್ನೆಲೆ

ಚಿಕ್ಕಪೇಟೆ, ಬಸವನಗುಡಿ, ಮಲ್ಲೇಶ್ವರದಂಥ ಹಳೇ ಊರಿನ ಮನೆಗಳಿಗೆ ಪಹಣಿ ಹುಡುಕುವ ಕೆಲಸವಿಲ್ಲ. ಅಲ್ಲಿ ನೇರವಾಗಿ ಕ್ರಯಪತ್ರ, ಖಾತಾ ನೋಡಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಂಚಿದ ಸೈಟಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕೊನೆಗೆ ಬಿಡಿಎ ಬರೆದುಕೊಟ್ಟ ಶುದ್ಧ ಕ್ರಯಪತ್ರ ಇವು ಮೊದಲ ಕೊಂಡಿಗಳು. ಉಳಿದ ಕಡೆಗಳಲ್ಲಿ, ಅಂದರೆ ಖಾಸಗಿ ಲೇಔಟು, ರೆವಿನ್ಯೂ ಸೈಟು (ಮಂಜೂರಾತಿ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ಸೈಟು), ಹೊರವಲಯದ ಅಪಾರ್ಟ್‌ಮೆಂಟು ಎಲ್ಲದಕ್ಕೂ ಪಹಣಿಯಿಂದಲೇ ಶುರು ಮಾಡಿ.

ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಆರಿಸಿದರೆ ಪಹಣಿ ಕಾಣುತ್ತದೆ. ಈಗಿನ ವರ್ಷದ್ದಷ್ಟೇ ನೋಡಿ ಮುಚ್ಚಬೇಡಿ, ಹಳೆಯ ವರ್ಷಗಳದ್ದನ್ನೂ ಆರಿಸಿ ನೋಡಿ. ಪಹಣಿಯಲ್ಲಿ ನೋಡಬೇಕಾದ ಕಾಲಂಗಳು ಮುಖ್ಯವಾಗಿ ಇವು. 3ನೇ ಕಾಲಂನಲ್ಲಿ ವಿಸ್ತೀರ್ಣ, ಅದರೊಳಗೆ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ಉಳಿದದ್ದು ಎಷ್ಟು ಎಂದು ಇರುತ್ತದೆ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಅವರವರ ಪಾಲು. 10ರಲ್ಲಿ ಆ ಹೆಸರು ಹೇಗೆ ಬಂತು ಎಂಬುದಕ್ಕೆ ಎಂಆರ್ ನಂಬರ್, ಅಂದರೆ ಹೆಸರು ಬದಲಾವಣೆಯ (ಮ್ಯುಟೇಷನ್) ಪುಸ್ತಕದ ನಂಬರ್. 11ರಲ್ಲಿ ಇತರೆ ಹಕ್ಕು ಮತ್ತು ಋಣ. 12ರಲ್ಲಿ ಉಳುಮೆ ಮಾಡಿದವರ ಹೆಸರು, ಬೆಳೆ.

11ನೇ ಕಾಲಂ ಖಾಲಿ ಇದೆಯೇ ಎಂದು ಎಲ್ಲರೂ ನೋಡುತ್ತಾರೆ. ಬ್ಯಾಂಕ್ ಸಾಲ, ಕೋರ್ಟಿನ ತಡೆ, ಭೂಸ್ವಾಧೀನ ಇವು ಅಲ್ಲೇ ಕಾಣುತ್ತವೆ. ನನ್ನ ಮಟ್ಟಿಗೆ 10ನೇ ಕಾಲಂ ಅದಕ್ಕಿಂತ ದೊಡ್ಡದು. ಅಲ್ಲಿರುವ ಎಂಆರ್ ನಂಬರ್ ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿದರೆ ಜಮೀನು ಕ್ರಯದಿಂದ ಬಂತೋ, ಪೌತಿಯಿಂದ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ) ಬಂತೋ, ವಿಭಾಗದಿಂದಲೋ, ಸರ್ಕಾರದ ಮಂಜೂರಾತಿಯಿಂದಲೋ ಎಂಬುದು ತಿಳಿಯುತ್ತದೆ. ಮುಂದಿನ ಎಲ್ಲ ಪ್ರಶ್ನೆಗಳೂ ಇದರ ಮೇಲೆ ನಿಂತಿವೆ.

ಮಂಜೂರಾತಿ ಎಂದಿದ್ದರೆ ತುಂಬಾ ಹುಷಾರಾಗಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ. ಪಿಟಿಸಿಎಲ್ ಎಂದು ಎಲ್ಲರೂ ಕರೆಯುವ 1978ರ ಕಾಯ್ದೆ ಇದು. 2023ರ ತಿದ್ದುಪಡಿಯ ನಂತರ ಇಂಥ ಅರ್ಜಿಗೆ ಕಾಲಮಿತಿಯೂ ಇಲ್ಲ. ನಡುವೆ ಎಷ್ಟು ಕೈ ಬದಲಾಗಿದ್ದರೂ ಮೂಲ ಪ್ರಶ್ನೆ ಹಾಗೇ ಇರುತ್ತದೆ. ಈ ಕಾಯ್ದೆ ಬಂದದ್ದು ಬಡವರ ಜಮೀನು ಕೈತಪ್ಪದಿರಲಿ ಎಂದು. ಕೊಳ್ಳುವವರು ಅದನ್ನು ತೊಡಕು ಎಂದುಕೊಳ್ಳದೆ, ಮೊದಲೇ ತಿಳಿದು ದೂರ ಇರುವುದೇ ನ್ಯಾಯ. ಗೋಮಾಳ, ಇನಾಂ, ದರಖಾಸ್ತು, ಸಾಗುವಳಿ ಚೀಟಿ ಎಂಬ ಮಾತುಗಳು ಹಳೆಯ ಪಹಣಿಯಲ್ಲೋ ಮ್ಯುಟೇಷನ್‌ನಲ್ಲೋ ಕಂಡರೆ ಮೂಲ ಮಂಜೂರಾತಿ ಕಡತವನ್ನೇ ನೋಡಬೇಕು. ಅದು ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ.

ಕಂಪ್ಯೂಟರ್ ಪಹಣಿ ಬಂದದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ), ಆರ್‌ಆರ್ (ಹಕ್ಕು ದಾಖಲೆ ಪುಸ್ತಕ) ಇವುಗಳ ನಕಲಿಗೂ ಅದೇ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೇ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ಹಾಗಾಗಿ ನಿಮ್ಮ ತಾಲ್ಲೂಕಿನದು ಆನ್‌ಲೈನಿಗೆ ಬಂದಿದೆಯೇ ಎಂದು ಮೊದಲು ವಿಚಾರಿಸಿ. ಹಳೇ ಕೈಬರಹದಲ್ಲಿ "ಬಿನ್" ಎಂದರೆ ಇಂಥವರ ಮಗ, "ಕೋಂ" ಎಂದರೆ ಇಂಥವರ ಹೆಂಡತಿ. ಒಂದೇ ಊರಿನಲ್ಲಿ ನಾಲ್ಕು ಜನ ಮುನಿಯಪ್ಪ ಇದ್ದಾಗ ಇದನ್ನು ನೋಡಿಯೇ ಯಾರು ಯಾರೆಂದು ಬಿಡಿಸಬೇಕಾಗುತ್ತದೆ.

ವಿಸ್ತೀರ್ಣದ ಲೆಕ್ಕವನ್ನು ನೀವೇ ಕೂತು ಮಾಡಿ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರ ಅಡಿ. ಪಹಣಿಯಲ್ಲಿ 1 ಎಕರೆ 20 ಗುಂಟೆ ಇದೆ ಎಂದುಕೊಳ್ಳಿ. ಒಟ್ಟು 60 ಗುಂಟೆ, ಅಂದರೆ 65,340 ಚದರ ಅಡಿ. ಅದರಲ್ಲಿ 8 ಗುಂಟೆ 'ಬ' ಖರಾಬು. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು, ಅದನ್ನು ಮಾರುವ ಹಾಗಿಲ್ಲ. ಉಳಿದದ್ದು 52 ಗುಂಟೆ, 56,628 ಚದರ ಅಡಿ. ಲೇಔಟಿನವರು ಇದರಲ್ಲಿ 30x40ರ 45 ಸೈಟು ತೋರಿಸಿದರೆ ಅದಕ್ಕೇ 54,000 ಅಡಿ ಹೋಯಿತು. ರಸ್ತೆಗೆ, ಚರಂಡಿಗೆ ಉಳಿದದ್ದು 2,628 ಅಡಿ. ಇದು ಆಗುವ ಮಾತಲ್ಲ. ಒಂದೋ ಖರಾಬಿನ ಮೇಲೆ ಸೈಟು ಹಾಕಿದ್ದಾರೆ, ಇಲ್ಲವೇ ಪಕ್ಕದವರ ಜಮೀನಿಗೆ ಕಾಲು ಚಾಚಿದ್ದಾರೆ. ಮಾರುವವರ ಕಾಗದ ಎಷ್ಟೇ ಅಚ್ಚುಕಟ್ಟಾಗಿರಲಿ, ಕೂಡುವ ಕಳೆಯುವ ಲೆಕ್ಕದಲ್ಲಿ ಇದು ಸಿಕ್ಕಿಬೀಳುತ್ತದೆ.

ಪಹಣಿಯಲ್ಲಿ ಇನ್ನೂ ಕೃಷಿ ಜಮೀನು ಎಂದೇ ಇದ್ದರೆ ಭೂಪರಿವರ್ತನೆ ಆದೇಶ, ಅಂದರೆ ಅದನ್ನು ಕೃಷಿಯೇತರ ಉಪಯೋಗಕ್ಕೆ ಬದಲಿಸಲು ಒಪ್ಪಿದ ಆದೇಶ ಕೇಳಿ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಕೊಡುವ ಆದೇಶ ಅದು. ಆದೇಶದಲ್ಲಿರುವ ಸರ್ವೆ ನಂಬರ್, ವಿಸ್ತೀರ್ಣ ಎರಡೂ ನಿಮ್ಮ ಹಾಳೆಯ ಜೊತೆ ಹೊಂದಬೇಕು. ಐದು ಎಕರೆಯಲ್ಲಿ ಎರಡು ಎಕರೆಗೆ ಮಾತ್ರ ಪರಿವರ್ತನೆ ಮಾಡಿಸಿ, ಐದೂ ಎಕರೆಯಲ್ಲಿ ಸೈಟು ಮಾರಿದ ಉದಾಹರಣೆಗಳಿವೆ.

ಗ್ರಾಮ ನಕ್ಷೆ ಬಿಡಿಸಿ ನೋಡಿ

ಅದೇ ಭೂಮಿ ಜಾಲತಾಣದಲ್ಲಿ ಕಂದಾಯ ಗ್ರಾಮ ನಕ್ಷೆ ಪಿಡಿಎಫ್ ಆಗಿ ಸಿಗುತ್ತದೆ. ದೊಡ್ಡದು ಮಾಡಿ ನಿಮ್ಮ ಸರ್ವೆ ನಂಬರ್ ಹುಡುಕಿ. ಅದರ ಪಕ್ಕದಲ್ಲೋ ಒಳಗೋ ಹಳ್ಳ, ಕಾಲುವೆ, ಕೆರೆ, ಬಂಡಿದಾರಿ ಹಾದಿದೆಯೇ ನೋಡಿ. ಇವತ್ತು ಅಲ್ಲಿ ಹೋದರೆ ಕಾಂಪೌಂಡು, ಕಟ್ಟಡ ಮಾತ್ರ ಕಾಣಬಹುದು. ನಕ್ಷೆಯಲ್ಲಿ ಗೆರೆ ಇದ್ದರೆ ಕಾನೂನಿನ ಕಣ್ಣಲ್ಲಿ ಕಾಲುವೆ ಇನ್ನೂ ಇದೆ. ರಾಜಕಾಲುವೆ ಒತ್ತುವರಿ ತೆರವಿಗೆ ಬರುವವರು ಹಿಡಿದು ತರುವುದು ಇದೇ ನಕ್ಷೆಯನ್ನು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಈ ಊರಿನಲ್ಲಿ ನೀರಿನ ಜಾಗ ಎಲ್ಲಿತ್ತು ಎಂದು ಕಣ್ಣಿನಿಂದ ಹೇಳುವುದು ಕಷ್ಟ, ನಕ್ಷೆಯನ್ನೇ ಕೇಳಬೇಕು. ಕೆರೆ, ಕಾಲುವೆಯಿಂದ ಬಿಡಬೇಕಾದ ಅಂತರದ ನಿಯಮ ಕಾಲಕಾಲಕ್ಕೆ ಬದಲಾಗಿದೆ. ನಕ್ಷೆಯಲ್ಲಿ ಹತ್ತಿರ ಕಂಡರೆ ಈಗಿನ ನಿಯಮ ಏನೆಂದು ನಗರ ಯೋಜನೆ ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ.

ಜಮೀನಿನ ಒಂದು ಭಾಗವನ್ನು ಕೊಳ್ಳುತ್ತಿದ್ದರೆ 11ಇ ನಕ್ಷೆ ಇಲ್ಲದೆ ಮುಂದೆ ಹೋಗಬೇಡಿ. ಆ ನಕ್ಷೆಯೇ ಇಷ್ಟು ಗುಂಟೆ ಇಲ್ಲಿಂದ ಇಲ್ಲಿಯವರೆಗೆ ಎಂದು ಗೆರೆ ಹಾಕಿ ಕೊಡುವುದು.

ಕಾವೇರಿಯಲ್ಲಿ ಇಸಿ ತೆಗೆಯುವುದು

ಈಗ ನೋಂದಣಿ ಕಚೇರಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಮೊಬೈಲ್ ನಂಬರ್, ಇಮೇಲ್ ಕೊಟ್ಟು ಖಾತೆ ತೆರೆಯಿರಿ. ಋಣಭಾರ ಪ್ರಮಾಣಪತ್ರದ ಸೇವೆ ಆರಿಸಿ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಹಾಕಿ, ಜಾಗದ ವಿವರ ತುಂಬಿ. ಆನ್‌ಲೈನ್‌ನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನ ಲೆಕ್ಕ. ಅದಕ್ಕೂ ಹಿಂದಿನದಕ್ಕೆ ಆ ಜಾಗ ಸೇರುವ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಗಿ ಅರ್ಜಿ ಹಾಕಬೇಕು. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ಹಾಗಾಗಿ ಆನ್‌ಲೈನ್ ಇಸಿ ಒಂದರಿಂದ ಕೆಲಸ ಮುಗಿಯುವುದಿಲ್ಲ.

ವ್ಯವಹಾರ ಇದ್ದರೆ ನಮೂನೆ 15 ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ಎಷ್ಟೋ ಜನ ನಮೂನೆ 16 ನೋಡಿ ಖುಷಿಪಡುತ್ತಾರೆ. ಆದರೆ ಯೋಚಿಸಿ, ಮಾರುವವರು ತಾವು 2011ರಲ್ಲಿ ಕೊಂಡೆ ಎನ್ನುತ್ತಿದ್ದಾರೆ. ಅವರ ಕ್ರಯಪತ್ರವಾದರೂ ಆ ಪಟ್ಟಿಯಲ್ಲಿ ಬರಬೇಕಲ್ಲ? ಅದೂ ಬರದಿದ್ದರೆ ನೀವು ಹಾಕಿದ ವಿವರ ತಪ್ಪು, ಇಲ್ಲವೇ ಅವರ ಪತ್ರವೇ ಸುಳ್ಳು. ಹಾಗಾಗಿ ಇಸಿ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಒಂದು ದಾರಿ ಇದೆ. ನಿಮಗೆ ಈಗಾಗಲೇ ಗೊತ್ತಿರುವ ಪತ್ರ ಅದರಲ್ಲಿ ಕಾಣಿಸಲೇಬೇಕು. ಅದು ಕಾಣುವವರೆಗೆ ಹುಡುಕುವ ವಿವರ ಬದಲಿಸುತ್ತಾ ಹೋಗಿ.

ಇಲ್ಲೇ ಆ ಮೊದಲ ಹಾಳೆ ಕೆಲಸಕ್ಕೆ ಬರುವುದು. ಸರ್ವೆ ನಂಬರ್ ಹಾಕಿ ಒಂದು ಸಲ, ಹಿಸ್ಸಾ ಸೇರಿಸಿ ಒಂದು ಸಲ, ಸೈಟ್ ನಂಬರ್ ಹಾಕಿ ಒಂದು ಸಲ, ಖಾತಾ ನಂಬರ್, ಪಿಐಡಿ ಹಾಕಿ ಮತ್ತೆ. ಹೆಸರಿನಿಂದಲೂ ಹುಡುಕಿ. ಒಂದೇ ಹೆಸರನ್ನು ಮೂರು ರೀತಿ ಬರೆದಿರುತ್ತಾರೆ: ಇನಿಷಿಯಲ್ ಮೊದಲು, ಇನಿಷಿಯಲ್ ಕೊನೆಗೆ, ಇನಿಷಿಯಲ್ ಇಲ್ಲದೆ. ವೆಂಕಟೇಶ, ವೆಂಕಟೇಶ್, ವೆಂಕಟೇಶಪ್ಪ ಮೂರೂ ಒಬ್ಬರೇ ಇರಬಹುದು. ಪರದೆಯಲ್ಲಿ ನೋಡಿ ಸರಿಯಾದದ್ದು ಸಿಕ್ಕ ಮೇಲೆ ಶುಲ್ಕ ಕಟ್ಟಿ ಡಿಜಿಟಲ್ ಸಹಿ ಇರುವ ಪ್ರತಿ ತೆಗೆದುಕೊಳ್ಳಿ. ಬ್ಯಾಂಕಿನವರು ಒಪ್ಪುವುದು ಅದನ್ನೇ.

ಲೇಔಟಿನ ಸೈಟಾದರೆ ಸೈಟಿನದ್ದರ ಜೊತೆ ಪೂರ್ತಿ ಸರ್ವೆ ನಂಬರಿನ ಇಸಿಯನ್ನೂ ತೆಗೆಸಿ. ಲೇಔಟ್ ಮಾಡಿದವರು ಇಡೀ ಜಮೀನನ್ನು ಅಡ ಇಟ್ಟಿದ್ದರೆ ಅದು ಕಾಣುವುದು ಅಲ್ಲಿ. ಅಪಾರ್ಟ್‌ಮೆಂಟಿಗೂ ಇದೇ ಮಾತು. ಭೂಮಾಲೀಕರು ಮತ್ತು ಬಿಲ್ಡರ್ ನಡುವಿನ ಜಂಟಿ ಅಭಿವೃದ್ಧಿ ಕರಾರು ಜಮೀನಿನ ಇಸಿಯಲ್ಲಿ ಬರುತ್ತದೆ. ನಿಮ್ಮ ಫ್ಲ್ಯಾಟು ಯಾರ ಪಾಲಿಗೆ ಬಿದ್ದದ್ದು, ಮಾರುವ ಹಕ್ಕು ಯಾರಿಗಿದೆ ಎಂಬುದನ್ನು ಆ ಕರಾರಿನಲ್ಲಿ ನೋಡಬೇಕು.

ಪತ್ರಗಳ ದೃಢೀಕೃತ ನಕಲು, ಕೊಂಡಿಗೆ ಕೊಂಡಿ

ಇಸಿಯಲ್ಲಿ ಕಂಡ ಪ್ರತಿ ಪತ್ರದ ನೋಂದಣಿ ಸಂಖ್ಯೆ ಬರೆದುಕೊಂಡು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಈಚಿನವು ಕಾವೇರಿಯಲ್ಲೇ ಸಿಗುತ್ತವೆ. ನಕಲು ಬಂದ ಮೇಲೆ ಮಾರುವವರು ಕೊಟ್ಟ ಜೆರಾಕ್ಸ್ ಪಕ್ಕ ಇಟ್ಟು ಪುಟಪುಟ ಹೋಲಿಸಿ. ಷೆಡ್ಯೂಲ್ ಪುಟ ಬದಲಿಸಿದ್ದರೆ, ಅಳತೆ ತಿದ್ದಿದ್ದರೆ ಇಲ್ಲಿ ಗೊತ್ತಾಗುತ್ತದೆ.

ನೋಂದಣಿ ಸಂಖ್ಯೆಯ ನಡುವೆ ಬರುವ ಅಂಕಿ ಗಮನಿಸಿ. ಕಚೇರಿಯ ಹೆಸರಿನ ಅಕ್ಷರಗಳ ನಂತರ 1 ಎಂದಿದ್ದರೆ ಅದು 1ನೇ ಪುಸ್ತಕದ ಪತ್ರ. 4 ಎಂದಿದ್ದರೆ 4ನೇ ಪುಸ್ತಕ. ಜಿಪಿಎಗಳು, ಅಂದರೆ ತನ್ನ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರಗಳು, ಸಾಮಾನ್ಯವಾಗಿ 4ನೇ ಪುಸ್ತಕದಲ್ಲಿ ಇರುತ್ತವೆ. ಅವು ಇಸಿಯಲ್ಲಿ ಬರುವುದಿಲ್ಲ. ನಕಲು ಸಿಗುವುದೂ ಬರೆದುಕೊಟ್ಟವರಿಗೆ, ಅದರಿಂದ ಹಕ್ಕು ಪಡೆದವರಿಗೆ ಮಾತ್ರ. ಮಾರುವವರು ಜಿಪಿಎ ಹಿಡಿದು ಬಂದಿದ್ದರೆ ದೃಢೀಕೃತ ನಕಲನ್ನು ಅವರಿಂದಲೇ ತರಿಸಿ, ಜಿಪಿಎ ಬರೆದುಕೊಟ್ಟವರು ಬದುಕಿದ್ದಾರೆಯೇ, ಅದನ್ನು ರದ್ದು ಮಾಡಿಲ್ಲವೇ ಎಂದು ಖಾತ್ರಿ ಮಾಡಿಕೊಳ್ಳಿ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎ ಅಲ್ಲಿಗೆ ಮುಗಿಯಿತು. ಬರೀ ಜಿಪಿಎ, ಅಗ್ರಿಮೆಂಟ್ ಇಟ್ಟುಕೊಂಡು "ಸೈಟು ನನ್ನದೇ" ಎನ್ನುವವರೂ ಇದ್ದಾರೆ. ಜಿಪಿಎ ಮೂಲಕ ಮಾಡುವ ಇಂಥ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಈಗ ಪತ್ರಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ. ಒಂದು ಪತ್ರದಲ್ಲಿ ಕೊಂಡವರೇ ಮುಂದಿನ ಪತ್ರದಲ್ಲಿ ಮಾರಿರಬೇಕು. ಎಲ್ಲಾದರೂ ಹೆಸರು ಹೊಂದದಿದ್ದರೆ ನಡುವೆ ಒಂದು ಕಾಗದ ಕಾಣೆಯಾಗಿದೆ. ಹೆಚ್ಚು ತೊಂದರೆ ಬರುವುದು ಸಾವಿನ ನಂತರದ ಕೊಂಡಿಯಲ್ಲಿ. ತಂದೆ ತೀರಿಕೊಂಡರು, ಗಂಡುಮಕ್ಕಳು ಪೌತಿ ಖಾತೆ ಮಾಡಿಸಿಕೊಂಡರು, ಸೈಟು ಮಾಡಿ ಮಾರಿದರು. ಹೆಣ್ಣುಮಕ್ಕಳ ಸಹಿ ಎಲ್ಲಿ? ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚಿನ ಮಾರಾಟ, ವಿಭಾಗಗಳನ್ನು ಮಾತ್ರ ಕಾಯ್ದೆ ಮುಟ್ಟಿಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರಿನ ಮುಂದೆ ಅವರು ಯಾವ ಪತ್ರಕ್ಕೆ ಸಹಿ ಮಾಡಿದ್ದಾರೆ ಎಂದು ಬರೆಯಿರಿ. ಖಾಲಿ ಉಳಿದ ಹೆಸರು ನಾಳೆ ಕೋರ್ಟಿಗೆ ಬರಬಹುದಾದ ಹೆಸರು. ಆ ಹೆಣ್ಣುಮಗಳು ಕೇಳುವುದು ತನ್ನ ಪಾಲನ್ನೇ. ವಂಶವೃಕ್ಷವನ್ನು ಮಾರುವವರೇ ಬರೆಸಿ ತಂದಿದ್ದರೆ ಊರಿನಲ್ಲಿ ವಿಚಾರಿಸದೆ ನಂಬಬೇಡಿ.

ಖಾತಾ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಖಾತಾ ಎಂದರೆ ಯಾರ ಹೆಸರಲ್ಲಿ ತೆರಿಗೆ ಕಟ್ಟಿಸಿಕೊಳ್ಳಬೇಕು ಎಂಬ ಪಾಲಿಕೆಯ ಲೆಕ್ಕ. ಅದು ಹಕ್ಕುಪತ್ರವಲ್ಲ. ಎ ಖಾತಾ ಇದೆ ಎಂದ ಮಾತ್ರಕ್ಕೆ ಕ್ರಯಪತ್ರದ ದೋಷ ಹೋಗುವುದಿಲ್ಲ. ಬಿ ಖಾತಾ ಎಂದರೆ ಪರಿವರ್ತನೆಯೋ ಲೇಔಟ್ ಮಂಜೂರಾತಿಯೋ ಇಲ್ಲದ ಜಾಗ ಇರಬಹುದು ಎಂಬ ಸೂಚನೆ, ಕಾರಣ ಏನೆಂದು ಕೇಳಿ.

2024ರ ಅಕ್ಟೋಬರ್‌ನಿಂದ ನಗರದಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಇ-ಆಸ್ತಿ ಜಾಲತಾಣದಲ್ಲಿ ವಾರ್ಡ್ ಆರಿಸಿ ಕರಡು ಇ-ಖಾತಾಗಳನ್ನು ನೋಡಬಹುದು. ಅಂತಿಮ ಇ-ಖಾತಾದಲ್ಲಿರುವ ಹೆಸರು, ಅಳತೆ, ಚೆಕ್ಕುಬಂದಿ ಇವನ್ನು ಕ್ರಯಪತ್ರದ ಜೊತೆ ಹೋಲಿಸಿ. ಕಾವೇರಿ ತಂತ್ರಾಂಶ ಇಪಿಐಡಿ ಮೂಲಕ ಇಲ್ಲಿಂದಲೇ ವಿವರ ಎಳೆದುಕೊಳ್ಳುತ್ತದೆ. ಇಲ್ಲಿ ತಪ್ಪಿದ್ದರೆ ನಿಮ್ಮ ಕ್ರಯಪತ್ರದಲ್ಲೂ ಅದೇ ತಪ್ಪು ಕೂರುತ್ತದೆ. ತಿದ್ದುಪಡಿಯನ್ನು ಮಾರುವವರಿಂದಲೇ, ಹಣ ಕೊಡುವ ಮುಂಚೆ ಮಾಡಿಸಿ. ಇನ್ನೂ ಗ್ರಾಮ ಪಂಚಾಯಿತಿಯಲ್ಲಿರುವ ಜಾಗಕ್ಕೆ ಇ-ಸ್ವತ್ತು ಜಾಲತಾಣ. ನಮೂನೆ 9 ಮತ್ತು 11ಎ ಎರಡೂ ಇರಬೇಕು. 11ಬಿ ಮಾತ್ರ ತೋರಿಸಿದರೆ ಲೇಔಟ್ ಮಂಜೂರಾತಿಯ ಬಗ್ಗೆ ಗಟ್ಟಿಯಾಗಿ ಕೇಳಿ.

ಇಸಿಯಲ್ಲಿ ಬರದಿರುವುದು

ನೋಂದಣಿ ಆಗದ ಅಗ್ರಿಮೆಂಟು, ಉಯಿಲು, ಕೋರ್ಟ್ ಕೇಸು, ಬಿಡಿಎ ಭೂಸ್ವಾಧೀನದ ಅಧಿಸೂಚನೆ ಇವು ಇಸಿಯಲ್ಲಿ ಸಿಗುವುದಿಲ್ಲ. ಒಂದೊಂದಕ್ಕೂ ಬೇರೆ ಬಾಗಿಲು ತಟ್ಟಬೇಕು.

ಕೋರ್ಟ್ ಕೇಸಿಗೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಹುಡುಕಿ. ಸಿಟಿ ಸಿವಿಲ್ ಕೋರ್ಟ್, ಬೆಂಗಳೂರು ಗ್ರಾಮಾಂತರ ಕೋರ್ಟು, ಹೈಕೋರ್ಟ್ ಮೂರನ್ನೂ ನೋಡಿ. ಈಗ ಮಾರುವವರ ಹೆಸರಷ್ಟೇ ಅಲ್ಲ, ಮೂಲ ಭೂಮಾಲೀಕರ ಹೆಸರು, ಅವರ ಮಕ್ಕಳ ಹೆಸರೂ ಹಾಕಿ. ಕೇಸು ನಡೆಯುತ್ತಿರುವಾಗ ಕೊಂಡರೆ, ನಿಮಗೆ ಗೊತ್ತಿಲ್ಲದಿದ್ದರೂ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ತೀರ್ಪು ನಿಮಗೂ ಅನ್ವಯಿಸುತ್ತದೆ. ತಹಶೀಲ್ದಾರ್, ಉಪವಿಭಾಗಾಧಿಕಾರಿ ಮುಂದಿರುವ ಕಂದಾಯ ಪ್ರಕರಣಗಳನ್ನು ಬೇರೆಯಾಗಿ ವಿಚಾರಿಸಬೇಕು.

ಪತ್ರವನ್ನೇ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದರೆ ತಿಳಿಯಲು ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ಇದೆ. 2011ರಿಂದ ನಡೆಯುತ್ತಿದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಜೊತೆಗೆ ಮೂಲಪತ್ರಗಳನ್ನು ಕಣ್ಣಾರೆ ನೋಡಿ. "ಒರಿಜಿನಲ್ ಊರಿನಲ್ಲಿದೆ" ಎಂಬ ಮಾತಿಗೆ ಅಡ್ವಾನ್ಸ್ ಕೊಡಬೇಡಿ.

ಅರ್ಕಾವತಿ, ನಾಡಪ್ರಭು ಕೆಂಪೇಗೌಡ, ಶಿವರಾಮ ಕಾರಂತ ಬಡಾವಣೆಗಳ ಸುತ್ತಲ ಹಳ್ಳಿಗಳಲ್ಲಿ ಕೊಳ್ಳುವವರು ತಮ್ಮ ಸರ್ವೆ ನಂಬರ್ ಬಿಡಿಎ ಅಧಿಸೂಚನೆಯಲ್ಲಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು. ಅದಕ್ಕೆ ಮಾಹಿತಿ ಹಕ್ಕು ಅರ್ಜಿ ಒಳ್ಳೆಯ ದಾರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಪ್ರಶ್ನೆ ಚಿಕ್ಕದಿರಲಿ: ಇಂಥ ಗ್ರಾಮದ ಇಂಥ ಸರ್ವೆ ನಂಬರ್ ಪ್ರಾಥಮಿಕ ಅಧಿಸೂಚನೆಯಲ್ಲಿ ಇದೆಯೇ, ಅಂತಿಮ ಅಧಿಸೂಚನೆಯಲ್ಲಿ ಇದೆಯೇ, ಇದ್ದರೆ ಈಗಿನ ಸ್ಥಿತಿ ಏನು, ಅಧಿಸೂಚನೆಯ ಪ್ರತಿ ಕೊಡಿ. ಇಷ್ಟು ಸಾಕು.

ಹೊಸ ಅಪಾರ್ಟ್‌ಮೆಂಟ್, ಲೇಔಟುಗಳಿಗೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣ ನೋಡಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದ, ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ಅಲ್ಲಿ ನೋಂದಣಿ ಆಗಲೇಬೇಕು. ಬಿಲ್ಡರ್ ಹಾಕಿದ ಜಮೀನಿನ ಪತ್ರಗಳು, ಮಂಜೂರಾದ ನಕ್ಷೆ ಅಲ್ಲೇ ಸಿಗುತ್ತವೆ. ಅವರ ಮೇಲಿನ ದೂರುಗಳನ್ನೂ ನೋಡಬಹುದು.

ಹೋಲಿಸುವುದು

ಒಂದು ದೊಡ್ಡ ಹಾಳೆಯಲ್ಲಿ ಪಹಣಿ, ನಕ್ಷೆ, ಕ್ರಯಪತ್ರ, ಇಸಿ, ಖಾತಾ ಎಂದು ಐದು ಕಾಲಂ ಹಾಕಿ. ಪ್ರತಿ ಕಾಲಂನಲ್ಲಿ ನಂಬರ್, ವಿಸ್ತೀರ್ಣ, ಹೆಸರು, ಚೆಕ್ಕುಬಂದಿ ತುಂಬಿ. ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಹೆಸರಿನ ಕಾಗುಣಿತದ ವ್ಯತ್ಯಾಸ ಸರಿಪಡಿಸಬಹುದಾದದ್ದು. ಸರ್ವೆ ನಂಬರ್, ವಿಸ್ತೀರ್ಣದ ವ್ಯತ್ಯಾಸ ಹಾಗಲ್ಲ, ಅದಕ್ಕೆ ತಿದ್ದುಪಡಿ ಪತ್ರವೋ ಹೊಸ ಸರ್ವೆಯೋ ಬೇಕು. ಕೊಂಡಿ ತಪ್ಪಿದ್ದರೆ, ಮಂಜೂರಾತಿ ಜಮೀನಾಗಿದ್ದರೆ, ನಕ್ಷೆಯಲ್ಲಿ ಕಾಲುವೆ ಹಾದಿದ್ದರೆ ಬೆಲೆ ಎಷ್ಟೇ ಕಡಿಮೆ ಹೇಳಿದರೂ ಮುಂದೆ ಹೋಗಬೇಡಿ. ಈ ಹಾಳೆಯನ್ನೂ ತೆಗೆಸಿದ ಪ್ರತಿಗಳನ್ನೂ ವಕೀಲರಿಗೆ ಕೊಟ್ಟು, ಕೆಂಪು ಗುರುತಿನ ಪ್ರತಿಯೊಂದಕ್ಕೂ ಬರವಣಿಗೆಯಲ್ಲಿ ಉತ್ತರ ಕೇಳಿ.

ಈಗಾಗಲೇ ಸೈಟು ಇದ್ದು ಬೇರೆ ಊರಲ್ಲೋ ವಿದೇಶದಲ್ಲೋ ಇರುವವರಿಗೂ ಇದೇ ಹುಡುಕಾಟ ಬೇಕು. ವರ್ಷಕ್ಕೊಮ್ಮೆ ಕಾವೇರಿಯಲ್ಲಿ ನಿಮ್ಮ ಸೈಟಿನ ಎಲ್ಲ ನಂಬರುಗಳನ್ನೂ ಹಾಕಿ ಇಸಿ ನೋಡಿ. ಕೊನೆಯ ಸಾಲಿನಲ್ಲಿ ನಿಮ್ಮ ಪತ್ರವೇ ಇರಬೇಕು. ನೀವು ಮಾಡದ ವ್ಯವಹಾರ ಅದರ ಕೆಳಗೆ ಕಂಡರೆ ಆ ಪತ್ರದ ದೃಢೀಕೃತ ನಕಲು ತೆಗೆಸಿ, ಜಿಲ್ಲಾ ನೋಂದಣಾಧಿಕಾರಿಗೂ ಪೊಲೀಸರಿಗೂ ಅದೇ ವಾರ ದೂರು ಕೊಡಿ.